ಬೀಗದಣ್ಣ ಹಿಡಿದ ಕಳ್ಳ

ಇಪ್ಪತ್ತೆಂಟು ವರ್ಷ ಬೀಗ ರಿಪೇರಿ ಮಾಡಿದವನಿಗೆ ಕಳ್ಳನ ಬುದ್ಧಿ ತಿಳಿಯದೆ? ಬೀದಿಯವರೆಲ್ಲ ಬೀಗದಣ್ಣ ಎಂದು ಕರೆಯುತ್ತಿದ್ದ ಆತ, ಮನೆಯ ಕಂಪ್ಯೂಟರಿನೊಳಗೆ ಅಡಗಿ ಕೂತ ಕಳ್ಳ ಸಾಫ್ಟ್‌ವೇರನ್ನು ಹಿಡಿಯುವುದು ತನಗೆ ನೀರು ಕುಡಿದಷ್ಟು ಸಲೀಸು ಎಂದು ಹೆಂಡತಿಯ ಮುಂದೆ ಎದೆ ಸೆಟೆಸಿ ಹೇಳಿದ. ಕಂಪ್ಯೂಟರ್ ಬಸವನಹುಳುವಿನಂತೆ ತೆವಳುತ್ತಿತ್ತು. ಕಣ್ಣಿಗೆ ಕಾಣದ ಸಾಫ್ಟ್‌ವೇರ್ ಒಳಹೊಕ್ಕರೆ ಹೀಗಾಗುತ್ತದೆಂದು ಗಿರಾಕಿಯೊಬ್ಬ ಕಿವಿಯಲ್ಲಿ ಊದಿದ್ದ. ಹೆಂಡತಿ ಹೊಲಿಗೆ ಟೀಚರು, ತರಗತಿಗೆ ಹೊರಟ ಅವಸರದಲ್ಲಿದ್ದಳು. ತಾನು ಬರುವ ತನಕ ಏನನ್ನೂ ಮುಟ್ಟಬೇಡಿ ಎಂದಷ್ಟೇ ಹೇಳಿ ಹೋದಳು.

ಆಕೆ ಗೇಟು ದಾಟುವ ಮೊದಲೇ ಬೀಗದಣ್ಣ ಮುಟ್ಟಿಯಾಗಿತ್ತು.

ಅರ್ಧ ಗಂಟೆಯಲ್ಲಿ ಕಳ್ಳ ಸಿಕ್ಕಿಬಿದ್ದ. ಪರದೆಯ ಮೇಲೆ ಗುರುತಿಲ್ಲ, ಸಾಫ್ಟ್‌ವೇರುಗಳ ಪಟ್ಟಿಯ ತಳದಲ್ಲೆಲ್ಲೋ ಹೆಸರು ಮಾತ್ರ. ಅದರ ಗೂಡು ಬಿಚ್ಚಿ ನೋಡಿದರೆ ಮನೆಯ ಫೋಟೊ, ಕಾಗದಪತ್ರ, ಎಲ್ಲದರದೂ ಒಂದೊಂದು ಪ್ರತಿ! ಮಾಲು ಸಮೇತ ಸಿಕ್ಕವನಿಗೆ ಕರುಣೆ ಎಂಥದು? ತೆಗೆದುಹಾಕು ಎಂದು ಒತ್ತಿದ. ಕೂಡಿಟ್ಟದ್ದನ್ನೂ ಅಳಿಸಬೇಕೇ ಎಂದು ಕಂಪ್ಯೂಟರ್ ಕೇಳಿತು. ಅಳಿಸು ಎಂದ. ಮರಳಿ ಸಿಗುವುದಿಲ್ಲ, ಖಂಡಿತವೇ ಎಂದು ಮತ್ತೆ ಕೇಳಿತು. ಆ ಮನೆಯಲ್ಲಿ ಆತನ ಅಪ್ಪಣೆಯನ್ನು ಯಾರೂ ಎರಡೆರಡು ಸಲ ಕೇಳಿದವರಿಲ್ಲ. ಖುಷಿಯಿಂದಲೇ ಹೂಂ ಎಂದ.

ಆಗ ಕಣ್ಣಿಗೆ ಬಿತ್ತು ಇನ್ನೊಂದು ಫೋಲ್ಡರು: ‘ಕುತ್ತಿಗೆ, ಎದೆ, ಸೊಂಟ’.

ಬೀಗದಣ್ಣ ಕಿವಿಯ ತನಕ ಕೆಂಪಾದ. ಇಂಥ ಹೊಲಸನ್ನು ತಂದುಹಾಕಿದವನು ಆ ಕಳ್ಳನೇ, ಸಂಶಯವಿಲ್ಲ. ಟೀಚರಮ್ಮ ನೋಡಿದರೆ ತನ್ನ ಗತಿಯೇನು? ಮಾನವಂತನಾದ್ದರಿಂದ ಅದನ್ನು ತೆರೆಯದೆ, ಮುಖ ತಿರುಗಿಸಿಕೊಂಡೇ ಅಳಿಸಿದ. ಅಳಿಸಿದ್ದು ಹೋಗಿ ಬೀಳುವ ಕಸದ ಬುಟ್ಟಿಯನ್ನೂ ಬರಿದು ಮಾಡಿದ.

ಸಂಜೆ ಹೆಂಡತಿ ಬಂದು ಕಂಪ್ಯೂಟರ್ ಮುಂದೆ ಕೂತಳು. ಹೊಲಿಗೆ ಕಲಿಯುವವರಿಗೆಂದು ಮೂರು ವರ್ಷದಿಂದ ಪುಸ್ತಕ ಬರೆಯುತ್ತಿದ್ದಳು. ಅದೆಲ್ಲ ನೋಟ್‌ಬುಕ್ಕಿನಲ್ಲಿದೆ ಎಂದೇ ಬೀಗದಣ್ಣ ತಿಳಿದಿದ್ದ. ಬಟ್ಟೆ ಕತ್ತರಿಸುವ ಎಂಬತ್ತಾರು ನಕ್ಷೆಗಳು ಆ ‘ಕುತ್ತಿಗೆ, ಎದೆ, ಸೊಂಟ’ ಫೋಲ್ಡರಿನಲ್ಲಿದ್ದವು. ಅದು ಕಾಣದಿದ್ದರೂ ಆಕೆ ಗಾಬರಿಯಾಗಲಿಲ್ಲ.

“ಹೋಗ್ಲಿ ಬಿಡಿ, ಎಲ್ಲದಕ್ಕೂ ಕಾಪಿ ಇದೆ. ನೀವು ಆಗಾಗ ಏನಾದ್ರೂ ಅಳಿಸ್ತೀರಲ್ಲ ಅಂತ, ನಿಮ್ಮ ಕಣ್ಣಿಗೆ ಬೀಳದ ಹಾಗೆ ಒಂದು ಸಾಫ್ಟ್‌ವೇರ್ ಹಾಕಿಸಿದೀನಿ.”

ಬೀಗದಣ್ಣ ಒಂದು ಹೆಜ್ಜೆ ಹಿಂದೆ ಸರಿದ.

“ಅದು... ಕಳ್ಳ ಅಂದ್ಕೊಂಡೆ ಕಣೇ.”

ಆಕೆ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ಕಂಪ್ಯೂಟರ್ ರಿಪೇರಿಯವನು ಎರಡು ದಿನ ಹೆಣಗಿ ಆ ನಕ್ಷೆಗಳಲ್ಲಿ ಎರಡು ಕಾಲರು, ಅರ್ಧ ತೋಳನ್ನು ಮಾತ್ರ ಹೊರತೆಗೆದ. ಎಷ್ಟು ಸಲ ತಪ್ಪಾಯಿತು ಎಂದರೂ ಆಕೆಯದು ಒಂದೇ ಹೂಂ.

ಮೂರನೆಯ ದಿನ ಬೆಳಿಗ್ಗೆ ಆಕೆ ಮೇಜಿನ ಮೇಲೆ ಕಂದು ಕಾಗದ ಹಾಸಿ, ಮೊದಲ ನಕ್ಷೆಯಿಂದ ಮತ್ತೆ ಶುರುಮಾಡಿದಳು. ಬೀಗದಣ್ಣ ಬಾಗಿಲಲ್ಲೇ ನಿಂತು, ತಾನೇನಾದರೂ ಮಾಡಲೇ ಎಂದು ಮೆಲ್ಲಗೆ ಕೇಳಿದ. ಆಕೆ ಅಳತೆ ಟೇಪಿನ ಒಂದು ತುದಿಯನ್ನು ಅವನ ಕೈಗಿತ್ತಳು.

“ಇದನ್ನ ಹಿಡ್ಕೊಂಡು ನಿಂತ್ಕೊಳ್ಳಿ. ಬೇರೆ ಏನೂ ಮಾಡ್ಬೇಡಿ.”

ಹಿಡಿದುಕೊಂಡು ನಿಂತ. ಉಸಿರಾಡಬಹುದೇ ಎಂದು ಕೇಳಲೂ ಧೈರ್ಯ ಬರಲಿಲ್ಲ.