ಬಾಲ್ಕನಿಯಲ್ಲಿ ಬಿಳಿ ಪಂಚೆ

ಮಲೇಷ್ಯಾದ ಪೆಟಾಲಿಂಗ್ ಜಯಾದಲ್ಲಿರುವ ನಮ್ಮ ಫ್ಲಾಟಿನ ಅಡುಗೆಮನೆಯಲ್ಲಿ ಮೇಲಿನ ಕಪಾಟಿನ ಬಾಗಿಲು ಜೋತುಬಿದ್ದಾಗ ನಾನು ಧೃತಿಗೆಡಲಿಲ್ಲ. ಲಾಕ್‌ಡೌನ್ ಕಾಲ, ರಿಪೇರಿಯವರು ಬರುವಂತಿರಲಿಲ್ಲ. ಬರದಿದ್ದರೇನು? ಸಾಫ್ಟ್‌ವೇರನ್ನೇ ಸರಿಮಾಡುವವನಿಗೆ ಎರಡು ಸ್ಕ್ರೂ ಯಾವ ಲೆಕ್ಕ!

ಕೆಳಗೆ ಬಿದ್ದ ಸ್ಕ್ರೂ ಹೆಕ್ಕಿಕೊಂಡು ಗತ್ತಿನಿಂದ ಎದ್ದೆ. ತೆರೆದೇ ಇದ್ದ ಬಾಗಿಲಿನ ಮೂಲೆ ನನ್ನ ನೆತ್ತಿಗಾಗಿ ಕಾದಿತ್ತು. ಢಣ್!

"ರೀ, ಏನಾಯ್ತು?" ಹೆಂಡತಿ ಶೈಲಜಾ ಓಡಿಬಂದಳು.

"ಬಾಗಿಲು ಸರಿಹೋಯ್ತು" ಎಂದೆನಂತೆ. ಅದನ್ನೇ ಮತ್ತೆ ಮತ್ತೆ ಹೇಳಿದೆನಂತೆ. ಬಾಗಿಲು ಆಗಲೇ ಕಳಚಿ ನೆಲದ ಮೇಲಿತ್ತು.

ಆಸ್ಪತ್ರೆಯಲ್ಲಿ ಪರೀಕ್ಷಿಸಿ, ರಕ್ತಸ್ರಾವವೇನಿಲ್ಲ, ಕನ್‌ಕಷನ್, ಅಂದರೆ ಮೆದುಳು ಅಲುಗಾಡಿದೆ ಎಂದು ಹೇಳಿ ಮನೆಗೆ ಕಳಿಸಿದರು. ಮುಂದಿನ ಉಸ್ತುವಾರಿಯನ್ನು ಶೈಲಜಾಳ ಗೆಳತಿ, ಇಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವ ಉಡುಪಿಯ ಡಾಕ್ಟರ್ ವಸುಧಾ ವಿಡಿಯೋ ಕಾಲಿನಲ್ಲೇ ವಹಿಸಿಕೊಂಡರು.

"ನಿದ್ದೆಯೇ ನಿಮಗೆ ಮದ್ದು" ಎಂದರು. ಮುಂದಿನದ್ದನ್ನು ನಾನು ಕೇಳಿಸಿಕೊಳ್ಳಲಿಲ್ಲ. ಆಗಲೇ ದಿಂಬು ಹುಡುಕುತ್ತಿದ್ದೆ.

ಹಗಲಿಡೀ ಮಲಗಿದೆ. ನೆನಪಿನ ಪರೀಕ್ಷೆಗೆಂದು ಶೈಲಜಾ ಆಗಾಗ ಎಬ್ಬಿಸಿ ತನ್ನ ತವರಿನವರ ಹುಟ್ಟುಹಬ್ಬ ಕೇಳುತ್ತಿದ್ದಳು. ಅವು ಪೆಟ್ಟು ಬೀಳುವ ಮೊದಲೂ ನೆನಪಿರಲಿಲ್ಲ! ಇತ್ತ ರಾತ್ರಿಯ ನಿದ್ದೆ ಹಾರಿಹೋಯಿತು, ತಲೆನೋವು ಏರಿತು. ಲ್ಯಾಪ್‌ಟಾಪ್ ತೆರೆದರೆ ಸಾಲುಗಳು ಈಜುತ್ತಿದ್ದವು. ಇನ್ನೆಂದೂ ಕೆಲಸ ಮಾಡಲಾರೆನೇನೋ ಎಂಬ ಭಯವನ್ನು ಯಾರಿಗೂ ಹೇಳದೆ ನುಂಗಿಕೊಂಡೆ.

"ನಿದ್ದೆ ಮದ್ದು ಅಂತ ಹೇಳಿದ್ದು ಹೌದು ಮಾರಾಯ್ರೆ, ಬಾಟ್ಲಿ ಪೂರ್ತಿ ಕುಡೀಲಿಕ್ಕೆ ಹೇಳಿದ್ದಾ?" ವಸುಧಾ ಗದರಿದರು. "ದೇಹದ ಒಳಗೆ ಒಂದು ಗಡಿಯಾರ ಉಂಟು. ನಿಮ್ಮದು ಅದೂ ಅಲುಗಾಡಿದೆ. ದಿನಾ ಒಂದೇ ಹೊತ್ತಿಗೆ ಮಲಗಿ, ಒಂದೇ ಹೊತ್ತಿಗೆ ಏಳಿ. ಬೆಳಿಗ್ಗೆ ಬಿಸಿಲಿಗೆ ಹೋಗಿ. ಸಂಜೆ ಬೆಳಕು ಕಮ್ಮಿ ಮಾಡಿ. ಮೊಬೈಲ್ ಬೇಡ, ಕಾಫಿ ಬೇಡ."

ಶಿರಸಾವಹಿಸಿದೆ. ಪೆಟ್ಟಾದ ಶಿರಸ್ಸಿನಿಂದಲೇ! ಬೆಳಿಗ್ಗೆ ಬಾಲ್ಕನಿಯಲ್ಲಿ ಎದೆಯುಬ್ಬಿಸಿ, ಕಣ್ಣುಮುಚ್ಚಿ ಸೂರ್ಯನಿಗಾಗಿ ಕಾದೆ. ಮರುದಿನವೂ ಕಾದೆ. ಕೊನೆಗೆ ಶೈಲಜಾ ಸೌಟು ಹಿಡಿದೇ ಬಂದಳು.

"ರೀ, ನಮ್ಮ ಬಾಲ್ಕನಿ ಪಶ್ಚಿಮಕ್ಕಿದೆ."

"ಅಪ್ಪಾ, ಯು ಆರ್ ವೇಟಿಂಗ್ ಫಾರ್ ಸನ್‌ಸೆಟ್!" ಎಂದಳು ಮಗಳು.

ಬೆಳಗಿನ ಠಿಕಾಣಿಯನ್ನು ಎದುರುಬದಿಯ ಕಾರಿಡಾರಿಗೆ ಬದಲಾಯಿಸಿದೆ. ಆದರೆ ಬೆಳಿಗ್ಗೆ ಕೈಕೊಟ್ಟ ಸೂರ್ಯ ಸಂಜೆ ನೇರವಾಗಿ ಹಾಲ್‌ನೊಳಗೇ ನುಗ್ಗುತ್ತಿದ್ದ. ಪರದೆ ತೆಳು. ನನ್ನ ಬಿಳಿ ಪಂಚೆಯನ್ನು ಮಡಚಿ ಬಾಲ್ಕನಿಯ ಕಂಬಿಗೆ ಅಗಲವಾಗಿ ಕಟ್ಟಿದೆ. ಹಾಲ್ ತಂಪಾಯಿತು. ಎಂಜಿನಿಯರಿಂಗ್ ಎಂದರೆ ಇದು!

ಸ್ವಲ್ಪ ಹೊತ್ತಿಗೇ ಬಾಗಿಲು ಬಡಿದ ಸದ್ದು. ಕೆಳಗಿನ ಮನೆಯ ರೋಹಾನಾ, ಮಾಸ್ಕ್ ಹಾಕಿಕೊಂಡು, ಕೈಯಲ್ಲಿ ದೊಡ್ಡ ಡಬ್ಬಿ.

ಆ ದಿನಗಳಲ್ಲಿ ಕೆಲಸ ಹೋಗಿ ಊಟಕ್ಕೆ ಕಷ್ಟವಾದವರು ಮನೆಯ ಹೊರಗೆ ಬಿಳಿ ಬಟ್ಟೆ ಕಟ್ಟುತ್ತಿದ್ದರು. ಕಂಡವರು ಊಟ ತಂದುಕೊಡುತ್ತಿದ್ದರು. ಇದು ನನಗೂ ಗೊತ್ತಿತ್ತು. ಗೊತ್ತಿದ್ದರೆ ಸಾಕೇ, ಹೊಳೆಯಬೇಕಲ್ಲ!

"ಅಬಾಂಗ್, ನೋ ನೀಡ್ ಶೈ ಲಾ" ಎಂದು ಡಬ್ಬಿ ಚಾಚಿದರು. ಅಬಾಂಗ್ ಎಂದರೆ ಇಲ್ಲಿನ ಮಲಯ ಭಾಷೆಯಲ್ಲಿ ಅಣ್ಣ.

"ನೋ, ನೋ! ಮೈ ಹೆಡ್..." ಎಂದು ನೆತ್ತಿ ಮುಟ್ಟಿ ತೋರಿಸಿದೆ.

"ಐ ನೋ. ವೆರಿ ಸ್ಟ್ರೆಸ್" ಎಂದ ಅವರ ಕಣ್ಣು ತುಂಬಿತು.

ಹಿಂದೆಯೇ ಪಕ್ಕದ ಮನೆಯ ತಮಿಳು ಅಕ್ಕ ಇಡ್ಲಿ ಸಾಂಬಾರ್ ತಂದರು. ಮೇಲಿನ ಮನೆಯ ಚೀನೀ ಆಂಟಿ ಅಕ್ಕಿಚೀಲವನ್ನೇ ಇಳಿಸಿಹೋದರು. ನಾನು ವಿವರಿಸಿದಷ್ಟೂ, ಪಾಪ, ಸ್ವಾಭಿಮಾನಿ ಎಂಬಂತೆ ತಲೆಯಾಡಿಸಿದರು.

ರೋಹಾನಾರ ಡಬ್ಬಿ ತೆರೆದೆವು. ನಾವು ಮಾಂಸ ತಿನ್ನುವುದಿಲ್ಲವೆಂದು ನೆನಪಿಟ್ಟು ಬರೀ ತರಕಾರಿ, ತೋಫು, ಅನ್ನ. ಆಫೀಸು, ಅಡುಗೆ, ಮಗಳ ಆನ್‌ಲೈನ್ ಪಾಠ, ಜೊತೆಗೆ ನನ್ನ ತಲೆ, ಎಲ್ಲವನ್ನೂ ಒಬ್ಬಳೇ ಹೊತ್ತಿದ್ದ ಶೈಲಜಾ ಡಬ್ಬಿಯ ಮುಂದೆ ಕೂತು ಗಳಗಳನೆ ಅತ್ತಳು. ಅವಳಿಗೆಷ್ಟು ದಣಿವಾಗಿತ್ತೆಂದು ನನಗೆ ಆಗಲೇ ತಿಳಿದದ್ದು.

ಮರುದಿನ ಅವಳೇ ಹೋಗಿ ಎಲ್ಲರಿಗೂ ನಿಜ ಹೇಳಿದಳು. ಅಕ್ಕಿಚೀಲ, ಆಂಟಿಯ ಒಪ್ಪಿಗೆಯಿಂದಲೇ, ನಿಜವಾಗಿ ಬೇಕಿದ್ದ ಮನೆ ಸೇರಿತು. ರೋಹಾನಾ ಮಾಸ್ಕ್ ಜಾರುವಷ್ಟು ನಕ್ಕರಂತೆ. ಆದರೂ ಮಧ್ಯಾಹ್ನ ಡಬ್ಬಿ ಬಂತು.

"ಹೆಡ್ ಸಿಕ್ ಆಲ್ಸೋ ಮಸ್ಟ್ ಈಟ್ ಲಾ!"

ನಿಧಾನವಾಗಿ ನಿದ್ದೆ ಹದಕ್ಕೆ ಬಂತು, ತಲೆನೋವು ಇಳಿಯಿತು. ಈಜುತ್ತಿದ್ದ ಸಾಲುಗಳು ದಡ ಸೇರಿದವು. ಕೆಲಸಕ್ಕೆ ಮರಳಿದೆ. ವಸುಧಾರ ಗದರಿಕೆಗೂ ಆ ಮಹಡಿಗಳ ಅನ್ನಕ್ಕೂ ನಾನು ಋಣಿ.

ಮೊನ್ನೆ ಲಿಫ್ಟಿನಲ್ಲಿ ರೋಹಾನಾ ಸಿಕ್ಕು, "ಅಬಾಂಗ್, ಊಟ ಆಯ್ತಾ?" ಎಂದು ಮಲಯದಲ್ಲಿ ಕೇಳಿದರು. ಇಲ್ಲಿ ಅದು ಬರೀ ಕುಶಲಪ್ರಶ್ನೆ. ಆಯಿತು ಎನ್ನುವುದು ಮರ್ಯಾದೆ. ಹೊಟ್ಟೆತುಂಬ ಬಿಸಿಬೇಳೆಬಾತ್ ತಿಂದು ಹೊರಟಿದ್ದ ನಾನು, ಪೂರ್ತಿ ಗುಣವಾದ ಮೆದುಳಿನಿಂದ, ಥಟ್ಟನೆ ಹೇಳಿದೆ:

"ಇನ್ನೂ ಇಲ್ಲ."