ಮೂರು ಕಂಪ್ಯೂಟರು, ಒಂದು ಕೀಬೋರ್ಡು, ಒಂದು ಇರುವೆ

ಹುನಗುಂದದಿಂದ ಇಳಕಲ್ಲಿನವರೆಗೆ ಕೋರ್ಟಿಗೋ ಕಚೇರಿಗೋ ಒಂದು ಅರ್ಜಿಯನ್ನಾದರೂ ಕೊಟ್ಟವರು ನನ್ನ ಹೆಸರು ಕೇಳದೆ ಇರಲಾರರು. ಟೈಪಿಸ್ಟ್ ಶಂಭು ಎಂದರೆ ನಾನೇ. ನಾನು ಪ್ರಸಿದ್ಧನಾದದ್ದು ವೇಗಕ್ಕಲ್ಲ. ನನಗಿಂತ ವೇಗದವರು ಹುನಗುಂದದಲ್ಲೇ ಇಬ್ಬರಿದ್ದರು. ನಾನು ಪ್ರಸಿದ್ಧನಾದದ್ದು ನೋಡದೆ ಇರುವುದಕ್ಕೆ. ಕೀಲಿ ನೋಡುವುದಿಲ್ಲ, ಕಾಗದ ನೋಡುವುದಿಲ್ಲ, ಮುಗಿದ ಮೇಲೆ ಒಮ್ಮೆ ಓದಿಯೂ ನೋಡುವುದಿಲ್ಲ. ಬೆರಳು ಯಂತ್ರದ ಮೇಲೆ, ದೃಷ್ಟಿ ಮೇಲಿನ ತೊಲೆಯ ಮೇಲೆ.

ಇದರ ಬಗ್ಗೆ ಗುಡೂರಿನ ಕಡೆ ಕತೆಗಳೇ ಹುಟ್ಟಿದ್ದವು. ಒಮ್ಮೆ ಖರೀದಿ ಪತ್ರ ಟೈಪ್ ಮಾಡುವಾಗ ಹಾವೊಂದು ಯಂತ್ರದ ಮೇಲೆ ಹರಿದು ಹೋಯಿತಂತೆ, ಶಂಭು ನಾಲ್ಕು ಪುಟ ಮುಗಿಸಿ ಎದ್ದನಂತೆ. ಹಾವು ಬಂದದ್ದು ನಿಜ. ಆದರೆ ಅದು ಬಂದದ್ದು ಪಕ್ಕದ ಚಹಾದಂಗಡಿಗೆ. ಇನ್ನೊಮ್ಮೆ ದೀಪ ಹೋಗಿ ವಕೀಲರು ಮೇಣದಬತ್ತಿ ಹಚ್ಚಿದಾಗ, "ಯಾಕ್ರಿ, ಇವತ್ತೇನು ಹಬ್ಬ?" ಎಂದು ನಾನು ಕೇಳಿದೆನಂತೆ. ನಾನು ಯಾವ ಕತೆಯನ್ನೂ ತಿದ್ದಲಿಲ್ಲ. ಟೈಪ್ ಮಾಡಿದ್ದನ್ನೇ ತಿದ್ದದವನು ಕತೆಯನ್ನೇಕೆ ತಿದ್ದಲಿ?

ಟೈಪ್ ಯಂತ್ರದ ಕಾಲ ಮುಗಿದು, ಎರಡು ಸಾವಿರದ ಮೂರರ ಹೊತ್ತಿಗೆ ಇಳಕಲ್ಲಿನ ನಮ್ಮ ಮನೆಯ ಹೊರಕೋಣೆಯಲ್ಲಿ ಮೂರು ಕಂಪ್ಯೂಟರು ಕೂತಿದ್ದವು. ಒಂದನೆಯದು ನನ್ನ ದಂಧೆಯದು. ಎರಡನೆಯದು ನನ್ನ ಹೆಂಡತಿ ನಾಗರತ್ನಾಳದು. ಅವಳು ಗುಡೂರಿನ ಕಡೆಯ ಒಂದು ಶಾಲೆಯಲ್ಲಿ ಶಿಕ್ಷಕಿ. ಮೂರನೆಯದು ಪ್ರಿಂಟರಿನ ಮಾತು ಬಿಟ್ಟರೆ ಬೇರೆ ಯಾರ ಮಾತೂ ಕೇಳದ ಮುದಿ ಯಂತ್ರ. ಆ ಮಳೆಗಾಲದಲ್ಲಿ ಒಂದೇ ಸಿಡಿಲಿಗೆ ಎರಡು ಮಾನಿಟರು ಸುಟ್ಟವು. ಉಳಿದ ಒಂದರ ವೈರನ್ನು ಬೇಕಾದಾಗೆಲ್ಲ ಒಂದರಿಂದ ಕಿತ್ತು ಇನ್ನೊಂದಕ್ಕೆ ಚುಚ್ಚಬೇಕು. ಮೇಜಿನ ಕೆಳಗೆ ನುಸುಳುವ ಈ ಕೆಲಸ ನಾಗರತ್ನಾಳ ಪಾಲಿಗೆ ಬಂದಿತ್ತು. ಯಾಕೆ ಎಂಬುದನ್ನು ಮುಂದೆ ಹೇಳುತ್ತೇನೆ. ಹೇಳದೆ ಗತಿಯಿಲ್ಲ.

ಆಗ ನನಗೆ ಸಾಮ್ರಾಜ್ಯದ ಕನಸು ಬಿತ್ತು. ಒಂದು ಮಾನಿಟರು, ಒಂದು ಕೀಬೋರ್ಡು, ಒಂದು ಮೌಸು. ಮೂರು ಕಂಪ್ಯೂಟರುಗಳ ಮೇಲೆ ಏಕಚ್ಛತ್ರ ಆಳ್ವಿಕೆ. ಅಂಥದೊಂದು ಡಬ್ಬಿ ಬಂದಿದೆ ಎಂದು ತಿಳಿದು ಬಾಗಲಕೋಟೆಯ ನವನಗರಕ್ಕೆ ಹೋದೆ. ಅಂಗಡಿಯ ಪ್ರೇಮಕುಮಾರ ತೋರಿಸಿದ. ಊಟದ ಡಬ್ಬಿಯಷ್ಟು ದೊಡ್ಡದು. ಮುಂದೆ ನಾಲ್ಕು ಗುಂಡಿ, ಹಿಂದೆ ಲೆಕ್ಕವಿಲ್ಲದಷ್ಟು ತೂತು.

"ಒಂದನೇ ಗುಂಡಿ ಒತ್ತಿದ್ರ ಒಂದನೇ ಕಂಪ್ಯೂಟರ್ರಿ, ಎರಡನೇದು ಒತ್ತಿದ್ರ ಎರಡನೇದು. ಮಾನಿಟರು, ಕೀಬೋರ್ಡು, ಮೌಸು ಮೂರೂ ಕೂಡೇ ಹೋಗ್ತಾವು. ಆದ್ರ ವೈರಿಗೆ ಚೀಟಿ ಅಂಟಿಸಿ ಜೋಡಸ್ರಿ. ಒಂದರದ್ದು ಇನ್ನೊಂದಕ್ಕ ಹೋದ್ರ ಪಜೀತಿ ಆಗ್ತೈತಿ."

"ಚೀಟಿ ನೋಡಿ ಕೆಲಸ ಮಾಡೂ ಮನಿಶ್ಯಾ ಅಲ್ಲೋ ನಾ."

"ಹಂಗಾದ್ರ ನಾನ ಬಂದು ಹಚ್ಚಿ ಕೊಡ್ಲೇನ್ರಿ?"

"ಇಡೀ ಕೀಬೋರ್ಡ್ ನೋಡದ ಒತ್ತೂ ಕೈಗೆ ಒಂಬತ್ತು ವೈರು ಯಾವ ಲೆಕ್ಕ ತಮ್ಮಾ?"

ಅವನು ಡಬ್ಬಿ ಕಟ್ಟಿಕೊಟ್ಟ.

ಮರುದಿನ ನಾಗರತ್ನಾ ಶಾಲೆಗೆ ಹೋದ ಮೇಲೆ ಮೇಜಿನ ಕೆಳಗೆ ಇಳಿದೆ. ಎರಡು ತಾಸು ಅಲ್ಲೇ ಇದ್ದೆ. ನೋಡದೆ ಜೋಡಿಸಿದೆ. ಎಂಟು ವೈರು, ಅಲ್ಲ, ಏಳು ವೈರು ಸರಿಯಾದ ಜಾಗಕ್ಕೆ ಹೋದವು. ಒಂದನೆಯ ಮತ್ತು ಎರಡನೆಯ ಕಂಪ್ಯೂಟರಿನ ಕೀಬೋರ್ಡ್ ವೈರುಗಳು ಮಾತ್ರ ಅದಲುಬದಲಾದವು. ಅಂದರೆ ಒಂದನೆಯ ಗುಂಡಿ ಒತ್ತಿದರೆ ಮಾನಿಟರಿನಲ್ಲಿ ಕಾಣುವುದು ನನ್ನ ಕಂಪ್ಯೂಟರು, ಓಡುವುದು ನನ್ನ ಮೌಸು. ಆದರೆ ಟೈಪ್ ಮಾಡಿದ್ದೆಲ್ಲ ಹೋಗಿ ಬೀಳುವುದು ಹೆಂಡತಿಯ ಕಂಪ್ಯೂಟರಿಗೆ. ಇದು ಈಗ ಗೊತ್ತಿರುವ ವಿಷಯ. ಅವತ್ತು ನಾನು ಮೂರೂ ಗುಂಡಿ ಒತ್ತಿ, ಮೂರರಲ್ಲೂ ಮೌಸ್ ಓಡಿಸಿ ನೋಡಿ, ದಿಗ್ವಿಜಯ ಘೋಷಿಸಿದೆ.

ನಾಗರತ್ನಾಳ ಕಂಪ್ಯೂಟರಿನಲ್ಲಿ ಆಗ ಏನು ತೆರೆದಿತ್ತು ಎಂಬುದನ್ನು ಹೇಳಬೇಕು. ಸುತ್ತಲಿನ ಹನ್ನೆರಡು ಶಾಲೆಗಳ ಏಳನೆಯ ತರಗತಿಗೆ ಕನ್ನಡ ಪ್ರಶ್ನೆಪತ್ರಿಕೆ ತಯಾರಿಸುವ ಕೆಲಸ ಆ ವರ್ಷ ಮೊದಲ ಸಲ ಅವಳಿಗೆ ಬಂದಿತ್ತು. ಮುಖ್ಯ ಶಿಕ್ಷಕಿಯ ಹುದ್ದೆಗೆ ಅವಳ ಹೆಸರು ಹೋಗಿದ್ದ ಸಮಯ. ಹದಿನೈದು ದಿನ ಕೂತು ಬರೆದಿದ್ದಳು. ಕೊನೆಯ ಪ್ರಶ್ನೆ: "ಈ ಕೆಳಗಿನ ಭಾಗವನ್ನು ಓದಿ, ಪ್ರಶ್ನೆಗಳಿಗೆ ಉತ್ತರಿಸಿರಿ." ಕೆಳಗೆ ಇರುವೆಯ ದುಡಿಮೆಯ ಮೇಲೆ ಹತ್ತು ಸಾಲು. ಬೆಳಿಗ್ಗೆ ಬಸ್ಸಿಗೆ ಓಡುವ ಮುಂಚೆ ಆ ಹತ್ತನೆಯ ಸಾಲಿನ ಕೊನೆಯ ಶಬ್ದ ತಿದ್ದಿ, ಕಂಪ್ಯೂಟರು ಆರಿಸದೆ ಹಾಗೇ ಬಿಟ್ಟು ಹೋಗಿದ್ದಳು.

ಇತ್ತ ನಾನು ಒಂದನೆಯ ಗುಂಡಿ ಒತ್ತಿ, ಹೊಸ ಹಾಳೆ ತೆರೆದು, ತೊಲೆಯ ಕಡೆ ಮುಖ ಎತ್ತಿ, ಕುಳಗೇರಿ ಕ್ರಾಸಿನ ನನ್ನ ಬಾಲ್ಯದ ಗೆಳೆಯ ಗಾಳೆಪ್ಪನಿಗೆ ಪತ್ರ ಶುರುಮಾಡಿದೆ:

"ಗಾಳೆಪ್ಪಾ, ಸೊಂಟನೋವು ಎಂಬುದು ದೊಡ್ಡ ಆಸ್ತಿ. ನಾನು ಅದನ್ನು ಹಿಡಿದು ಮೂರು ತಿಂಗಳಾಯಿತು. ಓಣಿಯ ನಲ್ಲಿಯಿಂದ ದಿನಾ ಹದಿನಾರು ಕೊಡ ನೀರು ಈಗ ನಮ್ಮ ಮನೆಯವಳೇ ಹೊರುತ್ತಾಳೆ. ನಾನು ಹಾಸಿಗೆಯ ಮೇಲಿಂದ 'ಅಯ್ಯಯ್ಯೋ' ಎನ್ನುತ್ತೇನೆ, ಅಷ್ಟೇ ಕೆಲಸ. ನೀನೂ ಒಂದು ನೋವು ಹಿಡಿ. ಹಿಡಿಯುವುದಾದರೆ ಎಡಗಡೆಯೇ ಹಿಡಿ. ದಿನಕ್ಕೊಂದು ಕಡೆ ಬದಲಾಯಿಸಿದರೆ ಸಿಕ್ಕಿಬೀಳುತ್ತೀ..."

ಹೀಗೆ ಮೂರು ಪ್ಯಾರಾ, ಕೊನೆಗೆ ಕುಳಗೇರಿ ಕ್ರಾಸಿನ ಅವನ ವಿಳಾಸ. ಶಿಸ್ತಿನ ಮನುಷ್ಯನಾದ್ದರಿಂದ ಪ್ಯಾರಾಕ್ಕೊಮ್ಮೆ ಸೇವ್ ಕೀಲಿಯನ್ನೂ ಒತ್ತಿದೆ. ಮುಗಿಯುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಕರೆಂಟು ಬಂದ ಮೇಲೆ ನೋಡಿದರೆ ನನ್ನ ಕಂಪ್ಯೂಟರಿನಲ್ಲಿ ಪತ್ರವೇ ಇಲ್ಲ. ಕರೆಂಟಿಗೆ ಬೈದು ಎದ್ದೆ.

ಸಂಜೆ ನಾಗರತ್ನಾ ಬಂದಳು. ಡಬ್ಬಿ ನೋಡಿ ಅವಳ ಮುಖ ಅರಳಿತು.

"ಚಲೋ ಆತು ಬಿಡ್ರಿ, ಇನ್ನ ಮ್ಯಾಲೆ ವೈರು ಕೀಳೂದು ತಪ್ಪಿತು. ಯಾರು ಹಚ್ಚಿದ್ರು?"

"ಅಂಗಡಿಯವ ಬಂದಿದ್ದ," ಎಂದೆ, ಎಡಗಡೆಯ ಸೊಂಟ ಹಿಡಿದುಕೊಂಡು.

"ಮುರ್ತುಜಸಾಬ್ರು ಪ್ರೆಸ್ಸಿನಾಗ ಕಾಯಾಕತ್ತಾರ. ನನ್ನ ಪೇಪರ್ ಫ್ಲಾಪಿಗೆ ಹಾಕಿ ಕೊಡ್ರಿ. ತಡೀರಿ, ಒಮ್ಮೆ ತಗದು ನೋಡ್ತೇನಿ."

"ಬೆಳಿಗ್ಗೆ ನೋಡೀಯಲ್ಲ? ನೋಡಿದ್ದನ್ನ ಮತ್ತ ನೋಡೂದಂದ್ರ ನಿನ್ನ ಮ್ಯಾಲೆ ನಿನಗ ಭರೋಸಾ ಇಲ್ಲ ಅಂತ ಅರ್ಥ."

ಅವಳು ನಕ್ಕು ಫ್ಲಾಪಿ ಕೈಗೆ ಕೊಟ್ಟಳು. ಎರಡನೆಯ ಗುಂಡಿ ಒತ್ತಿ, ಬರೀ ಮೌಸಿನಿಂದ ಎಳೆದು ಫ್ಲಾಪಿಗೆ ಹಾಕಿದೆ. ನಾಚಿಕೆಯಿಂದ ಹೇಳುತ್ತೇನೆ, ಅವಳು ನೋಡಬೇಕೆಂದಿದ್ದಳು, ಬೇಡವೆಂದವನು ನಾನು.

ಮುರ್ತುಜಸಾಬರದು ಕಟ್ಟುನಿಟ್ಟಿನ ಪ್ರೆಸ್ಸು. ಪ್ರಶ್ನೆಪತ್ರಿಕೆಯ ಅಕ್ಷರದ ಮೇಲೆ ಕಣ್ಣಿಡುವುದು ಅವರಲ್ಲಿ ಹರಾಮು. ಪುಟ ಮಾತ್ರ ಎಣಿಸಿ, "ಮೂರು ಪುಟ ಅಂದಿದ್ರು ಟೀಚರು, ನಾಲ್ಕ ಆಗ್ಯಾವಲ್ರಿ?" ಎಂದರು. "ಅಕ್ಷರ ದೊಡ್ಡವು ಮಾಡಿರಬೇಕು," ಎಂದೆ. ನಾನೂರು ಪ್ರತಿ ಅಚ್ಚಾಗಿ, ಅರಗಿನ ಮುದ್ರೆ ಬಿದ್ದು, ಹನ್ನೆರಡು ಶಾಲೆಗೆ ಹೋದವು.

ಪರೀಕ್ಷೆಯ ದಿನ ಸಂಜೆ ನಾನು ಹಾಸಿಗೆಯ ಮೇಲೆ ಮುಲಾಮು ಹಚ್ಚಿಕೊಂಡು ಮಲಗಿದ್ದೆ. ನಾಗರತ್ನಾ ಬಂದವಳೇ ಪ್ರಶ್ನೆಪತ್ರಿಕೆಯನ್ನು ನನ್ನ ಎದೆಯ ಮೇಲೆ ಇಟ್ಟಳು.

"ಕಡೇ ಪ್ರಶ್ನೆ ಓದ್ರಿ."

ನಾನು ಟೈಪ್ ಮಾಡಿದ್ದನ್ನು ನಾನೇ ಓದಿದ್ದು ಜೀವನದಲ್ಲಿ ಅದೇ ಮೊದಲು. ಇರುವೆ ಬಿಸಿಲಲ್ಲಿ ದುಡಿಯುತ್ತದೆ, ಇರುವೆ ಒಗ್ಗಟ್ಟಿನಿಂದ ಬಾಳುತ್ತದೆ, ಗಾಳೆಪ್ಪಾ, ಸೊಂಟನೋವು ಎಂಬುದು ದೊಡ್ಡ ಆಸ್ತಿ. ಒಂದೇ ಒಂದು ಒತ್ತಕ್ಷರವೂ ತಪ್ಪಿರಲಿಲ್ಲ.

"ವೈರಸ್ ಬಂದಿರಬೇಕು ರತ್ನಾ. ಈಗ ಎಲ್ಲಾ ಕಡೆ ವೈರಸ್ಸಿನ ಹಾವಳಿ."

"ವೈರಸ್ಸಿಗೆ ಗಾಳೆಪ್ಪ ಗೊತ್ತೇನ್ರಿ?"

ನಾನು ಇನ್ನೊಂದು ದಾರಿ ಹಿಡಿದೆ. "ನೋಡು, ಬರದಾಂವ ನಾನ. ಆದ್ರ ಚೇಷ್ಟಿಗೆ ಬರದಿದ್ದೆ. ಗಾಳೆಪ್ಪನ ಮುಂದ ಸ್ವಲ್ಪ ಶಾಣ್ಯಾತನ ತೋರಸಾಕ. ಸೊಂಟ ಖರೇನ ನೋಯ್ತೈತಿ." ಹೇಳಿ, ಸಾಕ್ಷಿಗೆ ಒಮ್ಮೆ ನರಳಿದೆ.

ಅವಳು ಬಯ್ಯಲಿಲ್ಲ. ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿ, ಕೆಂಪು ಪೆನ್ನು ಹಿಡಿದು, ನನ್ನ ಪಕ್ಕದಲ್ಲೇ ಕೂತು ಗಟ್ಟಿಯಾಗಿ ಓದತೊಡಗಿದಳು. ಕೊನೆಯ ಪ್ರಶ್ನೆಗೆ ಹತ್ತು ಅಂಕ, ಮಕ್ಕಳು ಬಿಡುತ್ತಾರೆಯೇ?

"ಗಾಳೆಪ್ಪ ಎಂಬುದು ಇನ್ನೊಂದು ಇರುವೆ. ಅದು ಕುಳಗೇರಿ ಕ್ರಾಸಿನಲ್ಲಿ ವಾಸಿಸುತ್ತದೆ."

"ಇರುವೆಯ ಸೊಂಟ ಬಹಳ ಸಣ್ಣದು. ಆದ್ದರಿಂದ ನೋವು ಬರುವುದು ಸಹಜ. ಆದರೆ ಈ ಇರುವೆಗೆ ನೋವು ಇಲ್ಲ."

"ಈ ಭಾಗದಿಂದ ಕಲಿಯುವ ಪಾಠ: ಹೆಣ್ಣಿರುವೆ ನೀರು ತರುತ್ತದೆ. ಗಂಡಿರುವೆ ಪತ್ರ ಬರೆಯುತ್ತದೆ."

"ಇದಕ್ಕ ಎಷ್ಟು ಕೊಡ್ಲಿ?" ಎಂದು ಕೇಳಿದಳು. ನಾನು ಗೋಡೆಯ ಕಡೆ ಹೊರಳಿದೆ. ಅವಳು ಹತ್ತಕ್ಕೆ ಹತ್ತು ಹಾಕಿದ್ದು ಪೆನ್ನಿನ ಸದ್ದಿನಿಂದಲೇ ತಿಳಿಯಿತು.

ಸೂಕ್ತ ಶೀರ್ಷಿಕೆ ಕೊಡಿರಿ ಎಂಬಲ್ಲಿ 'ಸೋಮಾರಿ ಇರುವೆ' ಎಂದು ಬರೆದವರೇ ಹೆಚ್ಚು. ಒಂದು ಹುಡುಗಿ 'ನಮ್ಮ ಅಪ್ಪ' ಎಂದು ಬರೆದಿದ್ದಳು. ಅದನ್ನು ಓದುವಾಗ ನಾಗರತ್ನಾಳಿಗೆ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತ ನನ್ನ ತಲೆದಿಂಬಿನ ಹತ್ತಿರವಿದ್ದ ಮುಲಾಮಿನ ಡಬ್ಬಿ ಎತ್ತಿಕೊಂಡು ತನ್ನ ಹೆಗಲಿಗೆ ಹಚ್ಚಿಕೊಂಡಳು. ಕೊಡ ಹೊತ್ತು ಅಲ್ಲಿ ಕೆಂಪಗೆ ಬರೆ ಬಿದ್ದಿತ್ತು. ಮೂರು ತಿಂಗಳಲ್ಲಿ ನಾನು ಅದನ್ನೂ ನೋಡಿರಲಿಲ್ಲ.

ಮೂರನೆಯ ದಿನ ಶಿಕ್ಷಣಾಧಿಕಾರಿಗಳ ಕಚೇರಿಯಿಂದ ನಾಗರತ್ನಾಳಿಗೆ ನೋಟಿಸು ಬಂತು. ಮಕ್ಕಳ ಪ್ರಶ್ನೆಪತ್ರಿಕೆಯಲ್ಲಿ ಕುಚೋದ್ಯದ ಬರಹ ಸೇರಿಸಿದ್ದಕ್ಕೆ ಕಾರಣ ಹೇಳಬೇಕು. ಅಲ್ಲಿಯವರೆಗೆ ಬಡ್ತಿಯ ಪಟ್ಟಿಯಿಂದ ಹೆಸರು ತಡೆಹಿಡಿಯಲಾಗಿದೆ.

"ನಾ ಬರ್ತೇನಿ," ಎಂದೆ. "ಡಬ್ಬಿ ಇಟ್ಟು, ವೈರು ಇಟ್ಟು, ಸಾಹೇಬ್ರಿಗೆ ತಿಳಿಸಿ ಹೇಳ್ತೇನಿ. ನೋಟಿಸು ಹರದು ಒಗೀಬೇಕು, ಹಂಗ ಹೇಳ್ತೇನಿ."

"ಏನರ ಹೇಳ್ರಿ. ಖರೇ ಹೇಳ್ರಿ."

ವಿಚಾರಣೆಗೆ ಹನ್ನೆರಡು ಶಾಲೆಯ ಶಿಕ್ಷಕರೂ ಬಂದಿದ್ದರು. ನಾಗರತ್ನಾ ಮೂಲೆಯಲ್ಲಿ ಸೆರಗು ಹೊದ್ದು ನಿಂತಿದ್ದಳು. ನಾನು ಚೀಲದಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟು ಭಾಷಣ ಶುರುಮಾಡಿದೆ. ಏಕಚ್ಛತ್ರ ಆಳ್ವಿಕೆಯಿಂದ ಹಿಡಿದು ಅದಲುಬದಲಾದ ವೈರಿನವರೆಗೆ ಬಂದಾಗ ಎದುರಿಗಿದ್ದವರು ಬಾಯಿ ತೆರೆದು ಕೇಳುತ್ತಿದ್ದರು. ಆ ಹುರುಪಿನಲ್ಲಿ ಎದೆ ತಟ್ಟಿಕೊಂಡು ಹೇಳಿದೆ:

"ತಪ್ಪು ನಂದ್ರಿ ಸಾಹೇಬ್ರ. ನಾನ ಸ್ವತಃ ಎರಡು ತಾಸು ಮೇಜಿನ ಕೆಳಗ ಬಗ್ಗಿ ಕುಂತು ಒಂಬತ್ತು ವೈರು ಜೋಡ್ಸೀನ್ರಿ."

ಮೂಲೆಯಿಂದ ನಾಗರತ್ನಾಳ ದನಿ ಬಂತು. "ಅಂಗಡಿಯವ ಹಚ್ಚಿದ ಅಂದಿದ್ರಿ."

ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ವೈರಿನ ಮಾತು ತಿಳೀತ್ರಿ. ನನಗ ಒಂದ ಹೇಳ್ರಿ. ಈ ಪತ್ರದಾಗಿನ ಸಂಗತಿ ಕಟ್ಟಿದ್ದಾದ್ರ, ಇದು ಪೇಪರಿಗಂತನ ಬರದ ಕತಿ ಆಗ್ತೈತಿ, ನೋಟಿಸು ಹಂಗ ಇರ್ತೈತಿ. ಖರೇ ಆದ್ರ, ಯಾವ ಹೆಣ್ಮಗಳೂ ತಿಳದು ತಿಳದು ತನ್ನ ಮನಿ ಗುಟ್ಟನ್ನ ನಾನೂರು ಮಕ್ಕಳ ಕೈಯಾಗ ಕೊಡೂದಿಲ್ಲ. ಟೀಚರ್ದು ತಪ್ಪಿಲ್ಲ ಅಂತ ಬರದು ಮುಗಸ್ತೇನಿ. ಯಾವುದು?"

ಹನ್ನೆರಡು ಶಾಲೆಯ ಶಿಕ್ಷಕರು ನನ್ನ ಸೊಂಟವನ್ನೇ ನೋಡುತ್ತಿದ್ದರು. ತೊಲೆ ನೋಡೋಣವೆಂದು ತಲೆ ಎತ್ತಿದೆ. ಕಚೇರಿಗೆ ತೊಲೆ ಇರಲಿಲ್ಲ, ಬರೀ ಫ್ಯಾನು. ತಲೆ ಇಳಿಸಿದಾಗ ಕಂಡದ್ದು ನಾಗರತ್ನಾಳ ಮುಖ. ಅದರಲ್ಲಿ ಸಿಟ್ಟಿರಲಿಲ್ಲ. ಉತ್ತರಕ್ಕೆ ಕಾಯುವ ಶಿಕ್ಷಕಿಯ ಮುಖ ಅದು.

"ನಾನ ಕೇಳ್ತೇನ್ರಿ ಸಾಹೇಬ್ರ," ಎಂದಳು. ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು: "ಏನ್ರಿ, ಸೊಂಟ ನೋಯ್ತೈತೇನು?"

"ಇಲ್ಲ," ಎಂದೆ. "ಯಾವಾಗೂ ನೋಯ್ದಿಲ್ಲ."