ತಯಾರಾದ ವರ್ಷ: ಅಜ್ಜನ ಕಾಲ

ವೈಜಿನಾಥ ಮಾಸ್ತರನ ಮನೆಯ ಜೋಡುನಳಿಗೆ ಬಂದೂಕಿಗೆ ಅರವತ್ತು ವರ್ಷಗಳಿಂದ ಯಾವ ತಂಟೆಯೂ ಇರಲಿಲ್ಲ. ಅದರ ಲೈಸೆನ್ಸ್ ಪುಸ್ತಕದಲ್ಲಿ ‘ತಯಾರಾದ ವರ್ಷ’ ಎಂಬಲ್ಲಿ ಯಾರೋ ಪುಣ್ಯಾತ್ಮ ಗುಮಾಸ್ತ ‘ಅಜ್ಜನ ಕಾಲ’ ಎಂದು ಬರೆದಿದ್ದ. ಆಮೇಲೆ ಬಂದವರೆಲ್ಲ ಅದನ್ನೇ ನಕಲು ಮಾಡುತ್ತ ಬಂದಿದ್ದರು. ತಂಟೆ ಶುರುವಾದದ್ದು ಬೀದರಿನ ಕಚೇರಿಗೆ ಕಂಪ್ಯೂಟರ್ ಬಂದ ಮೇಲೆ.

“ಇಲ್ಲಿ ನಾಕು ಅಂಕಿ ಹಾಕಬೇಕ್ರಿ ಮಾಸ್ತರೆ,” ಎಂದಿದ್ದಳು ಗುಮಾಸ್ತೆ ಸುಮನ. “ಅಜ್ಜನ ಕಾಲ ಅಂದ್ರ ಮಷೀನ್ ತಗೊಳ್ಳಂಗಿಲ್ಲ. ಕಂಪನಿ ಕಾಗದ ತರ್ರಿ. ಇಪ್ಪತ್ತನೇ ತಾರೀಖ ಸಂಜಿ ಐದಕ್ಕ ಕಡೀ ಟೈಮ್. ತಪ್ಪಿದ್ರ ಬಂದೂಕು ಜಪ್ತಿ.”

ಇವತ್ತೇ ಇಪ್ಪತ್ತು. ಹೊರಡುವಾಗ ತಾಯಿ ಕೌಸಲ್ಯಾಬಾಯಿ ಬಾಗಿಲಿಗೆ ಅಡ್ಡ ನಿಂತಿದ್ದಳು. “ಭಾಲ್ಕಿ ತುಂಬ ನಮಗ ಬಂದೂಕಿನ ಮನಿಯವರು ಅಂತಾರ. ಅದನ್ನ ಕಳಕೊಂಡು ಬಂದ್ಯೋ, ನೀನೂ ಬರಬ್ಯಾಡ.”

ಮುದುಕಿಯ ಸಿಟ್ಟಿಗೆ ಕಾರಣವಿತ್ತು. ಔರಾದಿನ ಕುರುಚಲು ಕಾಡಿನಲ್ಲಿ ನವಾಬನೊಬ್ಬನ ಮೇಲೆ ಚಿರತೆ ಹಾರಿದಾಗ ವೈಜಿನಾಥನ ಅಜ್ಜ ಅವನ ಕೈಯಿಂದ ಇದೇ ಬಂದೂಕು ಕಸಿದುಕೊಂಡು ಎರಡೂ ನಳಿಗೆ ಹಾರಿಸಿದ್ದನಂತೆ. ನವಾಬ ಮೆಚ್ಚಿ ಬಂದೂಕನ್ನೇ ಕೊಟ್ಟನಂತೆ. ಇನ್ನೆಂದೂ ಜೀವ ತೆಗೆಯುವುದಿಲ್ಲವೆಂದು ಅಜ್ಜ ಅಂದೇ ಆಣೆ ಮಾಡಿದ್ದರಿಂದ ಬಂದೂಕು ಮತ್ತೆ ಹಾರಲಿಲ್ಲ. ದಸರೆಗೆ ಪೂಜೆ ಮಾಡಿಸಿಕೊಳ್ಳುವುದು, ಚುನಾವಣೆ ಬಂದಾಗ ಠಾಣೆಗೆ ಹೋಗಿ ಜಮಾ ಆಗಿ ಬರುವುದು, ಇವೆರಡೇ ಅದರ ಕೆಲಸ.

ಬಂದೂಕಿಗೆ ಕೌದಿ ಸುತ್ತಿ, ಬಾಣಂತಿಯನ್ನು ಕರೆದೊಯ್ಯುವ ಎಚ್ಚರದಲ್ಲಿ ಮಾಸ್ತರ ಬಸ್ಸು ಹತ್ತಿದ. ಹಿಂದೆಯೇ ನೆರೆಮನೆಯ ದರ್ಜಿ ಖಾಜಾ ಮಿಯಾನೂ ಹತ್ತಿದ. ಅವನನ್ನು ಯಾರೂ ಕರೆದಿರಲಿಲ್ಲ.

“ಏನದ್ರಿ ಅದು?” ಎಂದ ಕಂಡಕ್ಟರ್.

“ಹಾಸಿಗಿ.”

“ಹಾಸಿಗಿ ಯಾಕ ಅಂತೀರಿ ಮಾಸ್ತರ?” ಖಾಜಾ ಮಿಯಾಗೆ ಅವಮಾನವಾಯಿತು. “ಬಂದೂಕ್ ಅದರಿ ಸಾಬ, ಬಂದೂಕ್! ನವಾಬರದು! ಚಿರತಿ ಹೊಡದದ್ದು!”

ಹಿಂದಿನ ನಾಲ್ಕು ಸಾಲು ಕ್ಷಣದಲ್ಲಿ ಖಾಲಿಯಾದವು. ಕಂಡಕ್ಟರ್ ಟಿಕೆಟ್ಟನ್ನು ದೂರದಿಂದಲೇ ಕೈಯಿಂದ ಕೈಗೆ ದಾಟಿಸಿದ. ಬೀದರ ತಲುಪುವವರೆಗೂ ಡ್ರೈವರ್ ರಸ್ತೆಗಿಂತ ಹೆಚ್ಚಾಗಿ ಕನ್ನಡಿಯನ್ನೇ ನೋಡುತ್ತಿದ್ದ.

ಬೀದರಿನ ಧಾನ್ಯಪೇಟೆಯಾದ ಗಾಂಧಿ ಗಂಜದ ಮೂಲೆಯಲ್ಲಿ ಅಬ್ದುಲ ಅಜೀಜನ ಅಂಗಡಿ. ಒಂದು ಕಾಲಕ್ಕೆ ಬಂದೂಕು ರಿಪೇರಿ ಮಾಡುತ್ತಿದ್ದ ಮುದುಕ ಈಗ ಕಾಳಿನ ವ್ಯಾಪಾರಿಗಳ ತಕ್ಕಡಿ ರಿಪೇರಿ ಮಾಡುತ್ತಿದ್ದ. ಅವನ ಮೊಮ್ಮಗಳು ಇರಮ, ಕಾಲೇಜು ಹುಡುಗಿ, ವಾರದ ಹಿಂದೆಯೇ ಬಂದೂಕು ತಯಾರಿಸಿದ ಇಂಗ್ಲೆಂಡಿನ ಕಂಪನಿಗೆ ಮಾಸ್ತರನ ಪರವಾಗಿ ಇ-ಮೇಲ್ ಹಾಕಿದ್ದಳು. ತಮ್ಮ ಕಾರ್ಖಾನೆಯಲ್ಲಿ ತಯಾರಾದ ಒಂದೊಂದು ಬಂದೂಕಿನ ಲೆಕ್ಕವೂ ಹಳೆಯ ದಫ್ತರದಲ್ಲಿದೆ, ನಂಬರ್ ಕಳಿಸಿದರೆ ಹುಡುಕಿ ಹೇಳುತ್ತೇವೆ ಎಂದು ಅವರು ಬರೆದಿದ್ದರು.

ಲೈಸೆನ್ಸಿನಲ್ಲಿ ನಂಬರಿರಲಿಲ್ಲ, ಬಂದೂಕಿನ ಮೇಲೂ ಕಾಣುತ್ತಿರಲಿಲ್ಲ. ಅರವತ್ತು ದಸರೆಗಳ ಎಣ್ಣೆ, ಅರಿಶಿನ, ಕುಂಕುಮ ಅದರ ಮೇಲೆ ಬೆರಳು ದಪ್ಪ ಕೂತಿದ್ದವು. ಮುದುಕ ಬಂದೂಕನ್ನು ಮಡಚಿ ತೆರೆಯಲು ನೋಡಿದ. ಅಲ್ಲಾಡಲಿಲ್ಲ.

“ಯಾ ಅಲ್ಲಾ! ಇದು ಬಂದೂಕ್ ಏನ್ರಿ, ದೇವ್ರ ಕಟ್ಟಿ ಏನ್ರಿ? ಸಿಮೆಂಟ್ ಆಗ್ಯಾದ.”

“ಹುಳಿ ಹಚ್ಚಿ ತಿಕ್ರಿ ಚಾಚಾ,” ಎಂದ ಅಲ್ಲೇ ಮೂಟೆ ಇಳಿಸುತ್ತಿದ್ದ ಹಮಾಲ.

“ಹುಳಿಗೆ ಏನಾಗ್ತದೋ? ಸೀಮೆಎಣ್ಣಿ ಹಾಕ್ರಿ,” ಎಂದ ಇನ್ನೊಬ್ಬ.

“ಎರಡೂ ಹಾಕ್ರಿ,” ಎಂದು ಖಾಜಾ ಮಿಯಾ ಅಂಗಿಯ ತೋಳು ಮಡಚಿದ.

ಅರ್ಧ ಗಂಟೆಯಲ್ಲಿ ಗಂಜದ ಕೆಲಸ ನಿಂತಿತು. ಆರು ಜನ ಹಮಾಲರು ಸರದಿಯ ಮೇಲೆ ಬಂದೂಕು ತಿಕ್ಕಿದರು. ಒಬ್ಬ ಕೊಡ ನೀರು ಸುರಿದ. ಕೆಂಪು ನೀರು ಅಂಗಡಿಯ ಮೆಟ್ಟಿಲಿಳಿದು, ತೊಗರಿ ಮೂಟೆಗಳ ಪಕ್ಕ ಹಾದು, ರಸ್ತೆಗೆ ಹರಿಯಿತು. ಆಚೆ ಬದಿಯ ವ್ಯಾಪಾರಿಗೆ ಕಂಡದ್ದು ಇಷ್ಟೇ: ಕೆಂಪು ಹೊಳೆ, ಅದರ ತುದಿಯಲ್ಲಿ ಬಂದೂಕು, ಸುತ್ತ ಏದುಸಿರು ಬಿಡುವ ಆರು ಜನ. ಅವನು ಪೊಲೀಸರಿಗೆ ಫೋನ್ ಮಾಡಿದ.

ಬಂದ ಪೊಲೀಸ, “ಹೆಣ ಎಲ್ಲದ?” ಎಂದ.

“ಹೆಣ ಇಲ್ರಿ ಸಾಬ, ಕುಂಕುಮ,” ಎಂದು ಖಾಜಾ ಮಿಯಾ ಕೆಂಪು ಕೈ ಚಾಚಿದ. “ಮಾಸ್ತರು ಚಿರತಿಗೆ ಹೊಡದ್ರಲ್ಲ, ಅದೇ ಬಂದೂಕ್.”

“ಚಿರತಿ ಹೊಡದೀರಾ? ಯಾವಾಗ?”

“ನಾನಲ್ರೀ! ಅಜ್ಜ!” ಮಾಸ್ತರನಿಗೆ ಅಳು ಬಂತು.

“ಅಜ್ಜ ಎಲ್ಲಿ ಅಡಗ್ಯಾನ?”

ಅಜ್ಜ ಸತ್ತು ನಲವತ್ತು ವರ್ಷವಾಯಿತೆಂದು ನಂಬಿಸಿ ಪೊಲೀಸನನ್ನು ಸಾಗಹಾಕುವ ಹೊತ್ತಿಗೆ ಒಂದೂವರೆ. ಅಷ್ಟರಲ್ಲಿ ಅಂಕಿಗಳು ಹೊರಬಿದ್ದಿದ್ದವು: 4417. ಇರಮ ಕಳಿಸಿದಳು. ಎರಡಾಯಿತು, ಮೂರಾಯಿತು. ಮಾಸ್ತರ ಎಸೆಸೆಲ್ಸಿ ರಿಸಲ್ಟಿಗೆ ಕಾಯುವ ಹುಡುಗನ ಹಾಗೆ ಅವಳ ಫೋನನ್ನೇ ನೋಡುತ್ತ ಕೂತ. ಮೂರೂಮುಕ್ಕಾಲಿಗೆ ಉತ್ತರ ಬಂತು. ಇರಮ ಓದಿದಳು. ದುಪಟ್ಟಾದ ಸೆರಗು ಬಾಯಿಗೆ ಹೋಯಿತು.

“ವರ್ಷ ಅದೇನವ್ವ?”

“ಅದ ಸರ್. ಸಾವಿರದ ಒಂಬೈನೂರಾ ಎಂಟು. ಸಿಕಂದರಾಬಾದಿನ ಅಂಗಡಿಗೆ ಕಳಿಸ್ಯಾರ.” ಅವಳು ತಡೆದಳು. “ಆದ್ರ ಇದು ಬಂದೂಕಲ್ಲಂತ ಸರ್.”

“ಮತ್ತ?”

“ಅಂಗಡಿ ಗಾಜಿನಾಗ ತೋರ್ಸಲಿಕ್ಕ ಇಡೋ ನಮೂನಿ ಅಂತ. ನಳಿಗಿ ತಯಾರ ಮಾಡುವಾಗನ ಮುಚ್ಯಾರ. ಗುಂಡು ಹಾರಂಗಿಲ್ಲ.”

ಅಬ್ದುಲ ಅಜೀಜ ನಳಿಗೆಯ ಬಾಯಿಗೆ ತಂತಿ ತೂರಿದ. ಒಂದು ಗೇಣು ಹೋಗಿ ಠಕ್ ಎಂದು ನಿಂತಿತು. ಇನ್ನೊಂದರಲ್ಲೂ ಠಕ್.

“ಹಂಗಾದ್ರ ಚಿರತಿ?” ಎಂದ ಖಾಜಾ ಮಿಯಾ. “ನಕ್ಕು ನಕ್ಕು ಸತ್ತಿರಬೇಕು.”

ಅಜ್ಜನ ಮರ್ಯಾದೆ ಹೋಯಿತೆಂದು ಮಾಸ್ತರನಿಗೆ ಎದೆ ಕುಸಿಯಿತು. ಮರುಕ್ಷಣವೇ ಅದು ಹಗುರಾಯಿತು. ಬಂದೂಕಲ್ಲದ ಮೇಲೆ ಲೈಸೆನ್ಸ್ ಎಲ್ಲಿಯದು? ಜಪ್ತಿ ಎಲ್ಲಿಯದು? ಗೋಡೆಯ ಮೇಲೆ ತೂಗುಹಾಕಿದರೆ ಅವ್ವನಿಗೇನು ಗೊತ್ತಾಗುತ್ತದೆ? ಬಂದೂಕನ್ನು ಮತ್ತೆ ಕೌದಿಯಲ್ಲಿ ಸುತ್ತಿ, ಕಂಪನಿಯ ಇ-ಮೇಲ್‌ನ ಪ್ರತಿ ತೆಗೆಸಿಕೊಂಡು ಕಚೇರಿಗೆ ಓಡಿದ.

ಸುಮನ ಎರಡು ಸಲ ಓದಿದಳು. ಕೀಲಿಮಣೆಯ ಮೇಲೆ ಒಂದು, ಒಂಬತ್ತು, ಸೊನ್ನೆ, ಎಂಟು ಒತ್ತಿದಳು. ಮಷೀನ್ ಗುರ್ ಎಂದು ಹೊಸ ಲೈಸೆನ್ಸ್ ಹೊರಗೆ ತಳ್ಳಿತು.

“ತಗೋರಿ, ಆಯ್ತು.”

“ಆದ್ರ ಮೇಡಂ, ಇದು ಬಂದೂಕೇ ಅಲ್ಲಲ್ರಿ. ಲೈಸೆನ್ಸ್ ಬ್ಯಾಡ.”

“ಅದೇ ಮಾತಿಗೆ ಬರ್ಲಾತೇನಿ.” ಅವಳು ಹಳೆಯ ಫೈಲು ಬಿಚ್ಚಿದಳು. “ಹತ್ತೊಂಬತ್ತು ಮಂದಿ ಸಾಹೇಬ್ರು ಸಹಿ ಹಾಕ್ಯಾರ. ‘ಖುದ್ದಾಗಿ ಪರಿಶೀಲಿಸಿದೆ, ಬಂದೂಕು ಸುಸ್ಥಿತಿಯಲ್ಲಿದೆ.’ ಇವರೆಲ್ಲ ಸುಳ್ಳು ಬರದಾರೇನ್ರಿ?”

“ಛೆ ಛೆ, ಹಂಗಲ್ರಿ.”

“ಅಂದ್ರ ಬಂದೂಕು ಇತ್ತು. ಈಗ ನೀವು ಆಟದ ಸಾಮಾನು ತಂದೀರಿ. ಖರೇ ಬಂದೂಕು ಯಾರಿಗೆ ಮಾರೀರಿ?”

ಮಾಸ್ತರ ಬಾಯಿ ತೆರೆಯುವುದರೊಳಗೆ ಖಾಜಾ ಮಿಯಾ ಹಿಂದಿನಿಂದ, “ಮಾರಿಲ್ರಿ ಮೇಡಂ, ಅಂಥವರಲ್ಲ. ಕಳದಿರಬೇಕು,” ಎಂದು ಸಾಕ್ಷಿ ನುಡಿದ. ಸುಮನ ಅದನ್ನೂ ಬರೆದುಕೊಂಡಳು.

“ಎಂಟು ದಿನದಾಗ ತಂದು ಹಾಜರ್ ಮಾಡ್ರಿ. ಇಲ್ಲಂದ್ರ ಕೇಸು.” ಅವಳು ನೋಟಿಸಿನ ಮೇಲೆ ಠಸ್ಸೆ ಒತ್ತಿದಳು.

ಐದು ಹೊಡೆಯಿತು. ಮೆಟ್ಟಿಲ ಮೇಲೆ ಕೂತ ಮಾಸ್ತರನ ಒಂದು ಜೇಬಿನಲ್ಲಿ ಲೈಸೆನ್ಸ್, ಇನ್ನೊಂದರಲ್ಲಿ ನೋಟಿಸು, ತೊಡೆಯ ಮೇಲೆ ಕೌದಿ. ಫೋನ್ ಬಡಿದುಕೊಂಡಿತು.

“ಲೈಸೆನ್ಸ್ ಆಯ್ತೇನೋ?” ಎಂದಳು ಕೌಸಲ್ಯಾಬಾಯಿ.

“ಆಯ್ತವ್ವ.”

“ಬಂದೂಕು?”

ವೈಜಿನಾಥ ಕೌದಿಯನ್ನು ನೋಡಿದ, ನೋಟಿಸು ಇದ್ದ ಜೇಬು ಮುಟ್ಟಿಕೊಂಡ.

“ಹುಡುಕಬೇಕವ್ವ,” ಎಂದ.